ಇಳಿಹೊತ್ತಿನ ಚಹಾವೂ ದಾಸೋಹಭಾವವೂ

ಊಟದ ಹೊತ್ತಿಗೆ ಬಂದವರಿಗೆ ಅನ್ನವನ್ನಿಕ್ಕುವುದು ನಮ್ಮ ನಾಡಿನ ಗೃಹಸ್ಥರಿಗೆ ತಲೆತಲಾಂತರದಿಂದ ಬಂದ ನಡೆ. ಇಳಿಹೊತ್ತಿನಲ್ಲಿ ಬಂಧುಮಿತ್ರರನ್ನು ಚಹಾಕ್ಕೆ ಕರೆಯುವ ಪದ್ಧತಿಯಾದರೋ ಈಚಿನದು. ಇಂಗ್ಲೆಂಡಿನ ಸಿರಿವಂತರ ಮನೆಗಳಲ್ಲಿ 1840ರ ಸುಮಾರಿಗೆ ರೂಢಿಗೆ ಬಂದ ಈ ಕೂಟವು ಆಂಗ್ಲರ ಆಳ್ವಿಕೆಯ ಕಾಲದಲ್ಲಿ ಇತ್ತಲೂ ಬಂದು, ಅವಲಕ್ಕಿ, ಕೋಡಬಳೆ, ಶೇಂಗಾ ಹೋಳಿಗೆಗಳೊಡನೆ ಬೆರೆತು ನಮ್ಮದೇ ಆಯಿತು. ಹೊಸದೆಂಬ ಮಾತ್ರಕ್ಕೆ ಅದು ನಿಂದ್ಯವಲ್ಲ. ನೀಡುವುದು ತುತ್ತಾದರೇನು, ಗುಟುಕಾದರೇನು? ನೀಡುವ ಭಾವವು ಒಂದೇ. ಆದುದರಿಂದ ದಾಸೋಹಕ್ಕೆ ಒಪ್ಪುವ ನಿಯಮವೇ ಇದಕ್ಕೂ ಒಪ್ಪತಕ್ಕದ್ದು.

ಇಂತಹ ಕೂಟಗಳಲ್ಲಿ ಪದೇ ಪದೇ ಕೇಳಿಬರುವ ಮಾತೊಂದುಂಟು: "ಎಲ್ಲವೂ ಮನೆಯಲ್ಲಿಯೇ ಮಾಡಿದ್ದು." ಯಜಮಾನನು ಇದನ್ನು ಹೆಮ್ಮೆಯಿಂದ ಆಡುವನು, ಅತಿಥಿಗಳು ಮೆಚ್ಚಿ ತಲೆದೂಗುವರು. ಆದರೆ ಮಾಡಿದವರು ಯಾರು? ನಡುಮನೆಯಲ್ಲಿ ಮಾತು-ನಗೆಗಳು ಸಾಗಿರುವಾಗ ಗೃಹಿಣಿಯು ಒಲೆಯ ಮುಂದೆ ನಿಂತು ಮಿರ್ಚಿ ಭಜಿಯನ್ನು ಕರಿಯುತ್ತಿರುವಳು. ಭಜಿಗೆ ಬಿಸಿಯಿದ್ದರೇ ರುಚಿ. ಆದಕಾರಣ ಕೊನೆಯ ಅತಿಥಿ ಏಳುವವರೆಗೂ ಅವಳಿಗೆ ಬಾಣಲೆಯ ಬಳಿಯೇ ಬೀಡು. ಬಂದವರ ಕುಶಲವನ್ನು ಕೇಳಲು ಬಿಡುವಿಲ್ಲ. ಅವಳ ಪಾಲಿನ ಚಹಾ ಆರಿಹೋಗಿರುವುದು. ಒಬ್ಬರ ಬೆವರನ್ನು ಮತ್ತೊಬ್ಬರು ತಮ್ಮ ಹೆಸರಿನಲ್ಲಿ ಅರ್ಪಿಸಿದರೆ ಅದು ದಾಸೋಹವೆನಿಸೀತೆ?

ಇಲ್ಲಿ ಶರಣೆ ಆಯ್ದಕ್ಕಿ ಲಕ್ಕಮ್ಮನನ್ನು ನೆನೆಯಬೇಕು. 12ನೆಯ ಶತಮಾನದ ಕಲ್ಯಾಣದಲ್ಲಿ ಅವಳ ಪತಿ ಮಾರಯ್ಯನದು ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತರಲು, ಲಕ್ಕಮ್ಮನು ಅದಕ್ಕೊಪ್ಪದೆ, ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದಳೆಂಬುದು ಪ್ರಸಿದ್ಧ ಸಂಗತಿ. ಇದರಲ್ಲಿ ಎರಡು ತತ್ತ್ವಗಳಿವೆ. ನೀಡುವುದಕ್ಕೂ ಒಂದು ಮಿತಿಯುಂಟೆಂಬುದು ಮೊದಲನೆಯದು. ಎಷ್ಟು ಸಾಕೆಂಬುದನ್ನು ನಿರ್ಣಯಿಸಿದವಳು ಅಡುಗೆ ಮಾಡುವವಳೇ ಎಂಬುದು ಎರಡನೆಯದು. ಮೊದಲನೆಯದನ್ನು ನಾವು ಆಗಾಗ ನೆನೆಯುತ್ತೇವೆ; ಎರಡನೆಯದನ್ನು ಮರೆಯುತ್ತೇವೆ.

ಹಾಗಾದರೆ ಎಲ್ಲವನ್ನೂ ಅಂಗಡಿಯಿಂದ ತರಿಸಿದರಾಗದೆ ಎಂದು ಕೆಲವರು ಕೇಳಬಹುದು. ಕೈ ಸಾಲದಿದ್ದಾಗ ಹಾಗೆ ತರಿಸುವುದರಲ್ಲಿ ದೋಷವೇನೂ ಇಲ್ಲ; ತಂದುದನ್ನು ತಂದದ್ದೆಂದು ಹೇಳಿದರಾಯಿತು. ಆದರೂ ಮನೆಯ ತಿಂಡಿಗೆ ಅಂಗಡಿಯದಕ್ಕಿಲ್ಲದ ಗುಣವೊಂದಿದೆ. ಅಂಗಡಿಯವನು ಗಿರಾಕಿಯನ್ನು ಅರಿಯನು. ಮನೆಯವರು ಅತಿಥಿಯನ್ನು ಅರಿತವರು. ಹಲ್ಲಿಲ್ಲದ ಹಿರಿಯರಿಗೆ ಮೆತ್ತನೆಯ ಅವಲಕ್ಕಿ, ಸಕ್ಕರೆ ಕಾಯಿಲೆಯವರಿಗೆ ಸಕ್ಕರೆಯಿಲ್ಲದ ಚಹಾ, ಮಕ್ಕಳಿಗೆ ಖಾರವಿಲ್ಲದ ಕೋಡಬಳೆ. ಈ ಅರಿವೇ ಮನೆಯ ತಿಂಡಿಯ ಸಾರ. ತಟ್ಟೆಯಲ್ಲಿನ ಬಗೆಗಳ ಎಣಿಕೆಯಲ್ಲ.

ಆದುದರಿಂದ ತಿಂಡಿಯ ಆಯ್ಕೆಯಲ್ಲಿಯೂ ಧರ್ಮವಿದೆ. ಕೋಡಬಳೆ, ಶೇಂಗಾ ಹೋಳಿಗೆಗಳನ್ನು ಎರಡು ದಿನ ಮುಂಚೆಯೇ ಮಾಡಿಡಬಹುದು, ಅವು ಕೆಡುವುದಿಲ್ಲ. ತೆಳು ಅವಲಕ್ಕಿಗೆ ಒಗ್ಗರಣೆ ಹಾಕಿಟ್ಟುಕೊಂಡು ಅತಿಥಿಗಳು ಬಂದ ಮೇಲೆ ಈರುಳ್ಳಿ, ಕೊಬ್ಬರಿ ಬೆರೆಸಿದರೆ ಸಾಕು. ಎರಡು ಬಗೆ ಸಾಲುವಲ್ಲಿ ಐದನ್ನು ಮಾಡುವುದು ಆದರವಲ್ಲ, ಆಡಂಬರ. ಯಜಮಾನನು ಚಹಾ ಸೋಸಿ ತರಲಿ. ಮಕ್ಕಳು ತಟ್ಟೆಗಳನ್ನು ಹಂಚಲಿ. ಮಾಡಿದ ತಾಯಿಯು ಬಂದವರ ಜೊತೆಯಲ್ಲಿ ಕುಳಿತು ಬಿಸಿ ಚಹಾವನ್ನು ಕುಡಿಯಲಿ. ಪಾತ್ರೆ ತೊಳೆಯಲು ಬರುವವಳಿಗೆ ಉಳಿದುದನ್ನು ಕೊಡದೆ, ಮೊದಲೇ ಒಂದು ತಟ್ಟೆಯನ್ನು ತೆಗೆದಿರಿಸಲಿ. ಕಾಯಕದಲ್ಲಿ ಮೇಲುಕೀಳನ್ನೆಣಿಸದ ಶರಣರ ಮಾರ್ಗದಲ್ಲಿ ನಡೆಯುವ ಮನೆಗೆ ಇದಕ್ಕಿಂತ ಭೂಷಣ ಬೇರೊಂದಿಲ್ಲ.

ಅತಿಥಿಗಳು ಹೊರಟುನಿಂತಾಗ ಮಾಡಿದವಳ ಮುಖದಲ್ಲಿ ದಣಿವಿಗಿಂತ ನಲಿವು ಹೆಚ್ಚಾಗಿದ್ದರೆ, ಆ ಮನೆಯಲ್ಲಿ ಪದಾರ್ಥವು ಪ್ರಸಾದವಾಯಿತೆಂದು ತಿಳಿಯಬೇಕು.