ಮಣ್ಣು ತಿನ್ನುವವರ ಮನೆ

1977ರಲ್ಲಿ ಬಾಹ್ಯಾಕಾಶಕ್ಕೆ ಹೊರಟ ಎರಡು ವಾಯೇಜರ್ ನೌಕೆಗಳಲ್ಲಿ ಚಿನ್ನದ ಲೇಪವಿರುವ ಒಂದೊಂದು ತಾಮ್ರದ ತಟ್ಟೆಯಿದೆ. ಅದರಲ್ಲಿ 55 ಭಾಷೆಗಳ ಶುಭಾಶಯಗಳಿವೆ, ಕನ್ನಡದ್ದೂ ಇದೆ. ಕಾರ್ಲ್ ಸೇಗನ್ ಮತ್ತು ಸಂಗಡಿಗರು ಅದನ್ನು ಸಿದ್ಧಪಡಿಸುವಾಗ ಕೇಳುವವರು ಯಾರು, ಎಲ್ಲಿದ್ದಾರೆ, ಇದ್ದಾರೋ ಇಲ್ಲವೋ, ಯಾವುದೂ ಗೊತ್ತಿರಲಿಲ್ಲ. ಆದರೂ ಆ ಕೇಳುಗನಿಗೆ ಒಂದು ರೂಪ ಬಂದುಬಿಟ್ಟಿತ್ತು. ಅವನಿಗೆ ಕಿವಿಯಂಥದ್ದೊಂದು ಇರಬೇಕು. ತಟ್ಟೆಯ ಮೇಲೆ ಮುಳ್ಳು ಕೂರಿಸಲು ಕೈಯಂಥದ್ದೊಂದು ಬೇಕು. ಹೊದಿಕೆಯ ಮೇಲೆ ಕೊರೆದ ಗೆರೆಗಳು ಅಲಂಕಾರವಲ್ಲ, ಬಳಸುವ ಕ್ರಮ ಎಂದು ಹೊಳೆಯಬೇಕು. ಗುರುತಿಲ್ಲದವರು ಶುಭ ಕೋರಿದರೆ ಅದನ್ನು ಶುಭವೆಂದೇ ತಿಳಿಯುವ ಸ್ವಭಾವವೂ ಬೇಕು.

ಹಾಸನದವರಿಗೆ ಆಕಾಶದೊಡನೆ ನಡೆಯುವ ಇನ್ನೊಂದು ಸಂಭಾಷಣೆ ಪರಿಚಿತ. ಸಾಲಗಾಮೆ ರಸ್ತೆಯಲ್ಲಿರುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ, ಊರವರ ಬಾಯಲ್ಲಿ ಎಂ.ಸಿ.ಎಫ್., 1982ರಿಂದ ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳಿಗೆ ಆದೇಶ ಕಳಿಸುತ್ತ ಬಂದಿದೆ. ಅಷ್ಟು ದೂರದ ಮಾತು ತಪ್ಪದೆ ತಲುಪುತ್ತದೆ, ಏಕೆಂದರೆ ಎರಡೂ ತುದಿಯಲ್ಲಿರುವುದು ನಾವೇ. ಕಾಲ್ಪನಿಕ ಲೋಕಕ್ಕೆ ಅನ್ಯಗ್ರಹದ ಜನರನ್ನು ಸೃಷ್ಟಿಸುವ ಕಥೆಗಾರರ ಸ್ಥಿತಿ ವಾಯೇಜರ್‌ನವರದ್ದಲ್ಲ, ಎಂ.ಸಿ.ಎಫ್.ನವರದ್ದು. ಮಾತಾಡುವವರೂ ಅವರೇ, ಮೇಲಿನಿಂದ ಉತ್ತರ ಕೊಡುವವರೂ ಅವರೇ. ಹಾಗಾಗಿ ಕೆಲಸ ಬಲು ಸಲೀಸಾಗಿ ಸಾಗುತ್ತದೆ, ಮತ್ತು ಆ ಸಲೀಸಿನಲ್ಲೇ ಹೊಸ ಜನ ಕೆಟ್ಟುಹೋಗುತ್ತಾರೆ ಎಂಬುದು ನನ್ನ ವಾದ. ಅನ್ಯರನ್ನು ಕಲ್ಪಿಸುವುದೆಂದರೆ ವಿಚಿತ್ರ ದೇಹವೊಂದನ್ನು ಜೋಡಿಸುವುದಲ್ಲ. ಆ ದೇಹಕ್ಕೆ ಏನು ಸಾಕಾಗುವುದಿಲ್ಲ, ಆ ಕೊರತೆಯಿಂದ ಎಂಥ ಬದುಕು ಹುಟ್ಟುತ್ತದೆ ಎಂದು ಕೊನೆಯವರೆಗೂ ಯೋಚಿಸುವುದು.

ದೇಹ ಜೋಡಿಸುವ ಕಲೆಯಲ್ಲಿ ನಮ್ಮ ಜಿಲ್ಲೆಯ ಶಿಲ್ಪಿಗಳನ್ನು ಮೀರಿಸಿದವರು ಕಡಿಮೆ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯ ಪಟ್ಟಿಕೆಗಳಲ್ಲಿ ಮಕರಗಳ ಸಾಲಿದೆ. ಆನೆಯ ಸೊಂಡಿಲು, ಮೊಸಳೆಯ ಬಾಯಿ, ಹಂದಿಯ ಮೈ, ಸಿಂಹದ ಕಾಲು, ನವಿಲಿನ ಬಾಲ ಎಂದು ಗೈಡುಗಳು ಬೆರಳು ಮಡಚಿ ಎಣಿಸುತ್ತಾರೆ. ಹತ್ತಿರ ನಿಂತು ನೋಡಿದರೆ ಬೆರಗಾಗುವುದು ಈ ಪಟ್ಟಿಯಿಂದಲ್ಲ. ಒಂದು ಪ್ರಾಣಿ ಮುಗಿದು ಇನ್ನೊಂದು ಶುರುವಾಗುವ ಗೆರೆ ಎಲ್ಲಿಯೂ ಕಾಣುವುದಿಲ್ಲ, ಬಾಲ ಯಾವಾಗ ಬಳ್ಳಿಯ ಸುರುಳಿಯಾಯಿತೆಂದು ಕಣ್ಣಿಗೆ ತಿಳಿಯುವುದಿಲ್ಲ. ಇಷ್ಟಾದರೂ ಮಕರಕ್ಕೆ ಹಸಿವಿಲ್ಲ, ಮರಿಗಳಿಲ್ಲ, ಭಯವಿಲ್ಲ. ಅದಕ್ಕೆ ಅವು ಬೇಕಾಗಿಯೂ ಇಲ್ಲ. ಗೋಡೆಗೆ ಲಯ ಕೊಡುವುದು ಅದರ ಕೆಲಸ, ಅದನ್ನು ಅದು ಚೆನ್ನಾಗಿಯೇ ಮಾಡುತ್ತದೆ. ತೊಂದರೆ ಬರುವುದು ಕಥೆಗಾರರು ಮಕರವನ್ನು ಗೋಡೆಯಿಂದ ಇಳಿಸಿ, ಕೈಗೆ ಆಯುಧ ಕೊಟ್ಟು, ಇದೊಂದು ಜನಾಂಗ ಎಂದಾಗ. ಸಿನಿಮಾಗಳ ಅನ್ಯಗ್ರಹವಾಸಿಗಳಲ್ಲಿ ಬಹುಪಾಲು ಹೀಗೆ ಇಳಿದುಬಂದ ಮಕರಗಳೇ.

ಇದಕ್ಕಿಂತ ಮುಂದೆ ಹೋದ ಕಲ್ಪನೆಯನ್ನು ನೋಡಲು ಚನ್ನರಾಯಪಟ್ಟಣ ತಾಲ್ಲೂಕಿಗೆ ಹೋಗಬೇಕು. ಶ್ರವಣಬೆಳಗೊಳದಲ್ಲಿ 981ರಲ್ಲಿ ಬಾಹುಬಲಿಯ ಮೂರ್ತಿಯನ್ನು ಮಾಡಿಸಿದ ಚಾವುಂಡರಾಯನ ಗುರು ನೇಮಿಚಂದ್ರರು 'ತ್ರಿಲೋಕಸಾರ' ಎಂಬ ಗ್ರಂಥದಲ್ಲಿ ಮೂರು ಲೋಕಗಳ ದ್ವೀಪ ಸಮುದ್ರಗಳನ್ನು ಅಳತೆಯ ಸಮೇತ ಬರೆದಿಟ್ಟವರು. ಅವರಿಗಿಂತ ಶತಮಾನಗಳ ಹಿಂದೆಯೇ, ಬೆಳಗೊಳದ ಶಾಸನಗಳು ಗೌರವದಿಂದ ನೆನೆಯುವ ಪೂಜ್ಯಪಾದರು 'ಸರ್ವಾರ್ಥಸಿದ್ಧಿ'ಯಲ್ಲಿ ಲವಣ ಸಮುದ್ರದ ಅಂತರ್ದ್ವೀಪಗಳ ಮನುಷ್ಯರನ್ನು ವಿವರಿಸಿದ್ದಾರೆ. ಪೂರ್ವಕ್ಕೆ ಒಂಟಿ ತೊಡೆಯ ಏಕೋರುಕರು. ಪಶ್ಚಿಮಕ್ಕೆ ಬಾಲವುಳ್ಳವರು, ದಕ್ಷಿಣಕ್ಕೆ ಕೊಂಬಿನವರು, ಉತ್ತರಕ್ಕೆ ಮಾತಿಲ್ಲದ ಅಭಾಷಕರು. ನಡುವಿನ ಮೂಲೆಗಳಲ್ಲಿ ಮೊಲದ ಕಿವಿಯವರು, ಕಿವಿಯನ್ನೇ ಹೊದ್ದುಕೊಳ್ಳಬಲ್ಲವರು. ಇನ್ನೂ ಆಚೆ ಕುದುರೆಮುಖದವರು, ಮೋಡಮುಖದವರು, ಮಿಂಚುಮುಖದವರು, ಕನ್ನಡಿಮುಖದವರು. ಶಾಸ್ತ್ರದ ಉದ್ದೇಶ ಕಥೆ ಹೇಳುವುದಲ್ಲ, ಲೋಕದ ಲೆಕ್ಕವನ್ನು ಪೂರ್ತಿ ಮಾಡುವುದು. ಆದರೂ ಪೂಜ್ಯಪಾದರು ದೇಹಕ್ಕೆ ನಿಲ್ಲಲಿಲ್ಲ. ಏಕೋರುಕರು ಮಣ್ಣು ತಿಂದು ಗುಹೆಗಳಲ್ಲಿರುತ್ತಾರೆ, ಉಳಿದವರು ಹೂಹಣ್ಣು ತಿಂದು ಮರಗಳಲ್ಲಿರುತ್ತಾರೆ ಎನ್ನುತ್ತಾರೆ. ಆಹಾರ, ಮನೆ. ಮಕರಕ್ಕೆ ಇಲ್ಲದ ಎರಡು ಸಂಗತಿಗಳು ಇಲ್ಲಿ ಬಂದವು. ಕಥೆಗಾರರಿಗೆ ಬೀಜ ಇದೇ.

ಆ ಬೀಜವನ್ನು ಬೆಳೆಸಿ ನೋಡೋಣ. ಇದು ಶಾಸ್ತ್ರದ ಮಾತಲ್ಲ, ಅಲ್ಲಿಂದ ಮುಂದಕ್ಕೆ ನನ್ನ ಕಲ್ಪನೆ. ಮಣ್ಣನ್ನೇ ತಿನ್ನುವವರು, ಗುಹೆಯಲ್ಲಿರುವವರು. ಹಾಗಾದರೆ ಅವರು ತಿನ್ನುವುದು ತಮ್ಮ ಮನೆಯ ಗೋಡೆಯನ್ನು. ನಮಗೆ ಮನೆ ದೊಡ್ಡದಾಗಬೇಕಾದರೆ ಕಟ್ಟಬೇಕು, ಅವರಿಗೆ ಉಣ್ಣಬೇಕು. ಉಂಡಷ್ಟೂ ಮನೆ ಅಗಲವಾಗುತ್ತದೆ, ಅಗಲವಾದಷ್ಟೂ ಸೂರು ಕುಸಿಯುವ ಭಯ ಹತ್ತಿರವಾಗುತ್ತದೆ. ಆಗ ಅವರ ಮೊದಲ ವಿದ್ಯೆ ಬೇಸಾಯವಾಗಲಾರದು. ಎಲ್ಲಿ ಹಲ್ಲು ಹಾಕಬಾರದು, ಯಾವ ಕಂಬವನ್ನು ಉಳಿಸಬೇಕು ಎಂಬುದೇ ವಿದ್ಯೆ. ಮಕ್ಕಳಿಗೆ ಮೊದಲು ಕಲಿಸುವ ಪಾಠವೂ ಅದೇ. ಗೋಡೆಯಲ್ಲಿ ಉಳಿದ ಹಲ್ಲಿನ ಗುರುತುಗಳು ವಂಶಾವಳಿಯಾಗುತ್ತವೆ: ಇದು ಮುತ್ತಜ್ಜಿ ಉಂಡ ಮೂಲೆ, ಇದು ದೊಡ್ಡಪ್ಪ ಕಾಯಿಲೆಯಲ್ಲಿ ಅರ್ಧಕ್ಕೇ ಬಿಟ್ಟ ಜಾಗ. ಅತಿಥಿಗೆ ಯಾವ ಗೋಡೆ ತೋರಿಸಬೇಕು ಎಂಬುದರಲ್ಲಿ ಮರ್ಯಾದೆಯ ಎಲ್ಲ ಸೂಕ್ಷ್ಮಗಳೂ ಬರುತ್ತವೆ. ಮದುವೆಯಾಗಿ ಬಂದವಳಿಗೆ ತವರಿನ ಮಣ್ಣಿನ ರುಚಿ ನಾಲಿಗೆಯಲ್ಲಿ ಉಳಿದಿರುತ್ತದೆ. ಒಂದೇ ತೊಡೆ ಎಂದ ಮೇಲೆ ಇಳಿಜಾರಿನಲ್ಲಿ ಇಳಿಯುವಾಗ ಇನ್ನೊಬ್ಬರ ಭುಜ ಬೇಕು. ಒಬ್ಬಂಟಿ ಪ್ರಯಾಣಿಕನ ಕಥೆ ಅವರ ಪುರಾಣದಲ್ಲಿ ವೀರನ ಕಥೆಯಾಗಲಾರದು, ದುರಂತವೇ ಆದೀತು.

ಇಲ್ಲಿ ನಾನು ಏಕೋರುಕರಿಗೆ ಹೊಸ ಅಂಗವೊಂದನ್ನೂ ಸೇರಿಸಿಲ್ಲ. ಇದ್ದ ಎರಡು ಸಂಗತಿಗಳಿಂದಲೇ ಮರ್ಯಾದೆ, ಭಯ, ನೆನಪು ಎಲ್ಲವೂ ತಾವಾಗಿ ಬಂದವು. ಕೊರತೆಯಿಂದ ಸಂಸ್ಕೃತಿ ಹುಟ್ಟುತ್ತದೆ ಎಂಬುದನ್ನು ಜೈನ ಪುರಾಣಗಳೇ ಗಟ್ಟಿಯಾಗಿ ಹೇಳುತ್ತವೆ. ಭೋಗಭೂಮಿಯಲ್ಲಿ ಕಲ್ಪವೃಕ್ಷಗಳು ಬೇಕಾದುದನ್ನೆಲ್ಲ ಕೊಡುತ್ತಿದ್ದಾಗ ಜನರಿಗೆ ಉಳುಮೆಯೂ ಬೇಕಿರಲಿಲ್ಲ, ಲಿಪಿಯೂ ಬೇಕಿರಲಿಲ್ಲ, ಅರಸನೂ ಬೇಕಿರಲಿಲ್ಲ. ಆ ಮರಗಳು ಮರೆಯಾದ ಮೇಲೆ ಬಾಹುಬಲಿಯ ತಂದೆ ಆದಿನಾಥನು ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಆರು ಕಸುಬುಗಳನ್ನು ಕಲಿಸಿದ. ಮಗಳು ಬ್ರಾಹ್ಮಿಗೆ ಅಕ್ಷರ ಕಲಿಸಿದ, ಸುಂದರಿಗೆ ಅಂಕ ಕಲಿಸಿದ. ಮರ ಒಣಗದಿದ್ದರೆ ಅಕ್ಷರವಿಲ್ಲ. ಮಾನವರಿಗಿಂತ ಸಾವಿರ ಪಾಲು ಮುಂದುವರಿದ, ಯಾವುದಕ್ಕೂ ಕೊರತೆಯಿಲ್ಲದ ಜನರನ್ನು ಕಲ್ಪಿಸಿ, ಅವರಿಗೆ ಮಹಾ ಗ್ರಂಥಾಲಯಗಳನ್ನೂ ಸಮಿತಿಗಳನ್ನೂ ಕೊಡುವ ಕಾದಂಬರಿಗಳು ನನ್ನನ್ನು ಒಪ್ಪಿಸದಿರುವುದು ಈ ಕಾರಣಕ್ಕೆ. ಏನೂ ಬೇಕಿಲ್ಲದವರು ಏತಕ್ಕಾಗಿ ಸಭೆ ಸೇರಿಯಾರು?

ಇನ್ನೊಂದು ದೋಷ ಇದಕ್ಕಿಂತ ದೊಡ್ಡದು. ಒಂದು ಗ್ರಹ, ಒಂದು ಭಾಷೆ, ಒಂದು ಧರ್ಮ, ಒಂದು ಗುಣ. ಇವರು ಯುದ್ಧಪ್ರಿಯರು, ಅವರು ವ್ಯಾಪಾರಿಗಳು, ಇನ್ನೊಬ್ಬರು ಜ್ಞಾನಿಗಳು. ಒಂದು ಗ್ರಹವಿರಲಿ, ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದಂಥ ಒಂದು ಹಳ್ಳಿಯೂ ಹಾಗಿರುವುದಿಲ್ಲ. ಕಾವೇರಿ ದಡದ ಈ ಊರಿನ ಸಂಕೇತಿ ಕುಟುಂಬಗಳು ಶತಮಾನಗಳ ಹಿಂದೆ ತಮಿಳುನಾಡಿನ ಕಡೆಯಿಂದ ಬಂದವು. ಮನೆಯೊಳಗೆ ಸಂಕೇತಿ, ಬೀದಿಯಲ್ಲಿ ಕನ್ನಡ, ಅಧ್ಯಯನಕ್ಕೆ ಸಂಸ್ಕೃತ, ಹಾಡಲು ಕುಳಿತರೆ ಬಹಳಷ್ಟು ಕೃತಿಗಳು ತೆಲುಗಿನವು. ಆರ್.ಕೆ. ಶ್ರೀಕಂಠನ್ ಅವರಂಥ ಗಾಯಕರು ಹುಟ್ಟಿದ್ದು ಇಂಥ ಪರಿಸರದಲ್ಲಿ. ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯಲ್ಲಿ ಹಕ್ಕಿಪಿಕ್ಕಿ ಜನ ಗುಜರಾತಿಗೆ ನಂಟಿರುವ ವಾಗ್ರಿಯನ್ನು ಮನೆಮಾತಾಗಿ ಉಳಿಸಿಕೊಂಡು, ಹೊರಗೆ ಕನ್ನಡದ ಜೊತೆಗೆ ಬೇರೆ ಭಾಷೆಗಳನ್ನೂ ಆಡುತ್ತಾರೆ. ಒಬ್ಬರ ಬಾಯಲ್ಲೇ ಮೂರು ನಾಲ್ಕು ಭಾಷೆ ಇರುವಾಗ ಒಂದು ಇಡೀ ಗ್ರಹದ ಬಾಯಲ್ಲಿ ಒಂದೇ ಭಾಷೆ ಹೇಗೆ ಇದ್ದೀತು?

ಜನಾಂಗಕ್ಕೊಂದು ಗುಣ ಹಚ್ಚುವುದು ಕಥೆಯ ಪುಟದೊಳಗೇ ಉಳಿಯುವ ತಪ್ಪಲ್ಲ. 1871ರ ಬ್ರಿಟಿಷ್ ಕಾಯಿದೆ ಕೆಲವು ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳು ಎಂದು ಪಟ್ಟಿ ಮಾಡಿತು. ಆ ಪಟ್ಟಿಯೂ ಒಂದು ಕಲ್ಪಿತ ಜನಾಂಗದ ವರ್ಣನೆಯೇ. ವ್ಯತ್ಯಾಸವೆಂದರೆ ವರ್ಣನೆಗೆ ಸಿಕ್ಕವರು ಜೀವಂತ ಮನುಷ್ಯರು, ಠಾಣೆಗೆ ಹೋಗಿ ಹಾಜರಿ ಹಾಕಬೇಕಾದವರು. ಕಥೆ ಓದುತ್ತ ಬೆಳೆದ ಮಗುವಿಗೆ ಒಂದು ಜನಕ್ಕೆ ಒಂದೇ ಗುಣ ಎಂಬುದು ಸಹಜವಾಗಿ ಕಂಡರೆ, ಅದೇ ಕಣ್ಣಿನಿಂದ ಅದು ಪಕ್ಕದ ಕೇರಿಯನ್ನೂ ನೋಡುತ್ತದೆ. ಬರೀ ಮನರಂಜನೆಗೆ ಇಷ್ಟು ಭಾರ ಏಕೆ ಎನ್ನುವವರಿಗೆ ನನ್ನ ಉತ್ತರ ಇಷ್ಟೇ.

ಉತ್ತರ ದಿಕ್ಕಿನ ಅಭಾಷಕರು ನನ್ನನ್ನು ಬಹಳ ಕಾಡುತ್ತಾರೆ. ಅವರಿಗೆ ಮಾತಿಲ್ಲವೆಂದು ನಿರ್ಧರಿಸಿದ್ದು ಅವರಲ್ಲ, ದಡದ ಈಚೆಗಿದ್ದವರು. ಮಾತನ್ನು ಬೆರಳಲ್ಲಿ ಆಡುತ್ತಿದ್ದರೋ, ವಾಸನೆಯಲ್ಲಿ ಆಡುತ್ತಿದ್ದರೋ, ಈಚೆಗಿದ್ದವರ ಕಿವಿಗೆ ಬೀಳದ ಸ್ವರದಲ್ಲಿ ಆಡುತ್ತಿದ್ದರೋ ಯಾರು ಬಲ್ಲರು? ತನಗೆ ಕೇಳಿಸದ್ದನ್ನು ಅವರಲ್ಲಿ ಇಲ್ಲದ್ದೆಂದು ತಿಳಿಯುವುದು ಮನುಷ್ಯನ ಹಳೆಯ ಅಭ್ಯಾಸ. ಈ ಅಭ್ಯಾಸವನ್ನು ಅರಿಯಲು ಬೇಕಾದ ಸಾಧನ ಹೊಳೆನರಸೀಪುರದಲ್ಲಿದೆ. ಅಲ್ಲಿ ಅಧ್ಯಾತ್ಮ ಪ್ರಕಾಶ ಕಾರ್ಯಾಲಯವನ್ನು ನಡೆಸಿದ ಸಚ್ಚಿದಾನಂದೇಂದ್ರ ಸರಸ್ವತಿ ಸ್ವಾಮಿಗಳು ಶಂಕರರ ಭಾಷ್ಯಗಳನ್ನು ಹಿಡಿದು ಬಾಳಿನುದ್ದಕ್ಕೂ ಒಂದು ಮಾತನ್ನು ವಾದಿಸಿದರು: ಅವಿದ್ಯೆ ಎಂಬುದು ಜಗತ್ತಿನ ಬೇರಿನಲ್ಲಿ ಕೂತಿರುವ ವಸ್ತುವಲ್ಲ, ಒಂದರ ಮೇಲೆ ಇನ್ನೊಂದನ್ನು ಹೊರಿಸುವ ನಮ್ಮ ದಿನನಿತ್ಯದ ಅಧ್ಯಾಸವೇ ಅವಿದ್ಯೆ. ಸ್ವಾಮಿಗಳು ಹೇಳಿದ್ದು ಆತ್ಮವಿಚಾರಕ್ಕೆ. ಅದನ್ನು ಕಥೆಗಾರರ ಮೇಜಿಗೆ ತರುವ ಸ್ವಾತಂತ್ರ್ಯ ನಾನು ತೆಗೆದುಕೊಂಡದ್ದು. ಅನ್ಯರ ಮೇಲೆ ನಮ್ಮನ್ನು ಹೊರಿಸುವುದು ಎಲ್ಲೋ ಅಪರೂಪಕ್ಕೆ ಆಗುವ ಎಡವಟ್ಟಲ್ಲ, ಅದು ನಾವು ನೋಡುವ ರೀತಿಯೇ. ಆದ್ದರಿಂದ ಬರೆದ ಪ್ರತಿ ವಾಕ್ಯಕ್ಕೂ ಕೇಳಬೇಕು: ಇದು ಅವರ ಗುಣವೋ, ನಾನು ಹೊರಿಸಿದ್ದೋ?

ಹಾಗಾದರೆ ಹೊರಿಸದೆ ಕಲ್ಪಿಸುವುದು ಸಾಧ್ಯವೇ? ಇಲ್ಲ ಎನ್ನುವವರ ಪಕ್ಷವೂ ಬಲವಾಗಿದೆ. ಪೋಲೆಂಡಿನ ಸ್ಟಾನಿಸ್ಲಾವ್ ಲೆಮ್ 1961ರ 'ಸೋಲಾರಿಸ್' ಕಾದಂಬರಿಯಲ್ಲಿ ಒಂದು ಗ್ರಹವನ್ನು ಆವರಿಸಿದ ಸಮುದ್ರವನ್ನೇ ಜೀವಿಯಾಗಿಸಿದ. ವಿಜ್ಞಾನಿಗಳು ತಲೆಮಾರುಗಳ ಕಾಲ ಅದನ್ನು ಅಧ್ಯಯನ ಮಾಡುತ್ತಾರೆ, ಪುಸ್ತಕಗಳ ರಾಶಿ ಬೆಳೆಯುತ್ತದೆ, ಅರ್ಥ ಮಾತ್ರ ದಕ್ಕುವುದಿಲ್ಲ. ಆ ಕಾದಂಬರಿಯ ಪ್ರಾಮಾಣಿಕತೆ ನನಗೆ ತುಂಬ ದೊಡ್ಡದಾಗಿ ಕಾಣುತ್ತದೆ. ಆದರೆ ಅರ್ಥವೇ ಆಗದವರು ಎಂದು ಕೈಮುಗಿದು ದೂರ ನಿಲ್ಲುವುದರಲ್ಲೂ ಒಂದು ತಪ್ಪಿದೆ. ಅರ್ಥವಾಗದವರಿಗೂ ಅವರವರೊಳಗೆ ಅರ್ಥವಾಗುವ ಬದುಕೊಂದು ಇರುತ್ತದೆ. ನಮಗೆ ಸಂಬಂಧಪಡದ ಜಗಳ, ನಾವು ಇಲ್ಲದಿದ್ದರೂ ನಡೆಯುವ ಜಗಳ ಅವರಲ್ಲಿರುತ್ತದೆ. ನನ್ನ ಮಟ್ಟಿಗೆ ಪರೀಕ್ಷೆ ಅದು. ಮನುಷ್ಯರ ಹಡಗು ಬಂದು ಇಳಿಯುವ ಮುಂಚೆ ಈ ಜನ ಯಾವುದಕ್ಕಾಗಿ ಒಬ್ಬರನ್ನೊಬ್ಬರು ಬಯ್ದುಕೊಳ್ಳುತ್ತಿದ್ದರು?

ಏಕೋರುಕರಲ್ಲಿ ಜಗಳ ಸತ್ತವರ ವಿಷಯಕ್ಕೆ ಬರುತ್ತದೆ ಎಂದು ನನಗನಿಸುತ್ತದೆ. ಸತ್ತವರನ್ನು ಇಡಲು ಅವರಿಗಿರುವುದು ಮಣ್ಣು, ಮಣ್ಣೇ ಅವರ ಅನ್ನ. ಒಂದು ಪಂಗಡ ಹಿರಿಯರನ್ನಿಟ್ಟ ಗೋಡೆಗೆ ಹಲ್ಲು ಹಾಕುವುದಿಲ್ಲ. ಆ ಗೋಡೆಗಳು ವರ್ಷ ಕಳೆದಂತೆ ಹೆಚ್ಚುತ್ತವೆ, ಉಣ್ಣುವ ಗೋಡೆ ಕಡಿಮೆಯಾಗುತ್ತದೆ, ಮಕ್ಕಳು ಹಸಿದು ಮಲಗುತ್ತಾರೆ. ಇನ್ನೊಂದು ಪಂಗಡದವರು ಅಜ್ಜಿಯನ್ನಿಟ್ಟ ಮೂಲೆಯನ್ನು ಮೊಮ್ಮಕ್ಕಳಿಗೇ ಮೊದಲು ಉಣ್ಣಿಸುತ್ತಾರೆ, ಅಜ್ಜಿ ಬೇರೆಯವರ ಮನೆ ಸೇರಬಾರದೆಂದು. ಎರಡೂ ಕಡೆಯವರು ತಾವು ಮಾಡುತ್ತಿರುವುದೇ ಪ್ರೀತಿ ಎನ್ನುತ್ತಾರೆ. ಎರಡು ಪಂಗಡಗಳ ನಡುವೆ ಮದುವೆಯಾದಾಗ ಹೊಸ ಮನೆಯ ಮೊದಲ ತುತ್ತು ಯಾವ ಗೋಡೆಯದು ಎಂಬುದನ್ನು ಬೀಗರು ಇನ್ನೂ ಇತ್ಯರ್ಥ ಮಾಡಿಲ್ಲ.