ಎರಡನೇ ಬ್ರ್ಯಾಂಚ್‌ಗೆ ಮಾಸ್ಟರ್ ಯಾರು?

ಸಂಜೆಯ ಕರಾಟೆ ಕ್ಲಾಸಿನಲ್ಲಿ ಕಾಲೆತ್ತಿ ಒದೆಯಲು ಜಾಗ ಸಾಲದಷ್ಟು ಮಕ್ಕಳು ಸೇರಿದರೆ ಪೋಷಕರಿಂದ ಮಾಸ್ಟರ್‌ಗೆ ಒಂದೇ ಸಲಹೆ: ‘ನಮ್ಮ ಬಡಾವಣೆಯಲ್ಲೂ ಒಂದು ಬ್ರ್ಯಾಂಚ್ ಮಾಡಿ ಸರ್.’ ಶಾಲೆಯ ಅಂಗಳದಲ್ಲೋ ಕಲ್ಯಾಣ ಮಂಟಪದ ಮಹಡಿಯಲ್ಲೋ ವರ್ಷಗಟ್ಟಲೆ ಕಲಿಸಿ ಹೆಸರು ಮಾಡಿದವರಿಗೆ ಈ ಮಾತು ಹಿತವಾಗಿಯೇ ಕೇಳಿಸುತ್ತದೆ. ಆ ರಾತ್ರಿಯೇ ಲೆಕ್ಕ ಶುರು: ಅಡ್ವಾನ್ಸ್ ಎಷ್ಟು, ಬಾಡಿಗೆ ಎಷ್ಟು, ನೆಲಕ್ಕೆ ಹಾಸುವ ಮ್ಯಾಟ್‌ಗೆ ಎಷ್ಟು, ಎಷ್ಟು ಮಕ್ಕಳು ಸೇರಿದರೆ ಗಿಟ್ಟುತ್ತದೆ.

ಈ ಲೆಕ್ಕ ಬೇಕೇ ಬೇಕು. ಬೇಸಿಗೆ ಶಿಬಿರಕ್ಕೆ ನುಗ್ಗುವ ಮಕ್ಕಳು ಶಾಲೆ ತೆರೆದೊಡನೆ ಕರಗುತ್ತಾರೆ. ಪರೀಕ್ಷೆ ಹತ್ತಿರ ಬಂದಾಗ ಟ್ಯೂಷನ್ ಗೆಲ್ಲುತ್ತದೆ, ಕರಾಟೆ ಸೋಲುತ್ತದೆ. ಬಾಡಿಗೆಯನ್ನು ಮಾತ್ರ ಹನ್ನೆರಡು ತಿಂಗಳೂ ಕಟ್ಟಬೇಕು. ಆದರೆ ಲೆಕ್ಕದ ಹಾಳೆಯಲ್ಲಿ ಬಾರದ ಒಂದು ಕೊರತೆಯಿದೆ. ಮಕ್ಕಳು ಕ್ಲಾಸಿಗೆ ಬರುವುದು ಸಂಜೆ ಒಂದೆರಡು ಗಂಟೆ ಮಾತ್ರ, ಅದೂ ಊರಿಗೆಲ್ಲ ಒಂದೇ ಹೊತ್ತು. ಆ ಹೊತ್ತಿನಲ್ಲಿ ಮಾಸ್ಟರ್ ಎರಡು ಕಡೆ ಇರಲಾರರು. ಸೋಮ, ಬುಧ, ಶುಕ್ರ ಇಲ್ಲಿ. ಮಂಗಳ, ಗುರು, ಶನಿ ಅಲ್ಲಿ ಎಂದು ವಾರವನ್ನು ಹಂಚಿಕೊಂಡರೆ ಆಗುವುದು ಇನ್ನೊಂದು ಬ್ಯಾಚ್, ಓಡಾಡುವ ಪೆಟ್ರೋಲ್ ಖರ್ಚು ಬೇರೆ. ಎರಡನೇ ಶಾಲೆ ಎನ್ನಬೇಕಾದರೆ ಅದು ಅವರಿಲ್ಲದ ಸಂಜೆಯೂ ನಡೆಯಬೇಕು.

ಜೂಡೊ ಕಟ್ಟಿದ ಜಿಗೊರೊ ಕಾನೊ ಅವರಿಗೂ ಹೊತ್ತಿನದೇ ಅಭಾವ. 1882ರಲ್ಲಿ ಟೋಕಿಯೊದ ಐಶೋಜಿ ಎಂಬ ಬೌದ್ಧ ದೇವಾಲಯದಲ್ಲಿ ಅವರು ಕೊದೊಕಾನ್ ಎಂಬ ತಮ್ಮ ಜೂಡೊ ಶಾಲೆ ಶುರುಮಾಡಿದಾಗ ಇದ್ದದ್ದು 12 ಚಾಪೆಗಳಷ್ಟು ಜಾಗ, ಬೆರಳೆಣಿಕೆಯ ಶಿಷ್ಯರು. ಕಾನೊ ಆಗಿನ್ನೂ 21ರ ಯುವಕ. ಹೊಟ್ಟೆಪಾಡಿಗೆ ಬೇರೆ ಕಡೆ ಅಧ್ಯಾಪಕ. ಮಾರನೆಯ ವರ್ಷವೇ ಅವರು ಶಿರೋ ಸೈಗೊ, ತ್ಸುನೆಜಿರೊ ತೊಮಿತಾ ಎಂಬ ಇಬ್ಬರು ಶಿಷ್ಯರಿಗೆ ‘ಶೋದಾನ್’, ಅಂದರೆ ಮೊದಲ ದರ್ಜೆ, ಕೊಟ್ಟರು. ಇಂದು ನಮ್ಮೂರ ಹುಡುಗ ಹುಡುಗಿಯರು ಕನಸು ಕಾಣುವ ಬ್ಲ್ಯಾಕ್ ಬೆಲ್ಟ್‌ನ ಮೂಲ ಆ ದರ್ಜೆಯಲ್ಲಿದೆ. ಕಾನೊ ಅವರಿಂದ ಈ ಪದ್ಧತಿಯನ್ನು ಎರವಲು ಪಡೆದು ಗಿಚಿನ್ ಫುನಾಕೊಶಿ 1924ರಲ್ಲಿ ಕರಾಟೆಗೆ ತಂದರು.

ದರ್ಜೆಯಿಂದ ಶಿಷ್ಯನಿಗೆ ಗೌರವ ಬಂತು, ನಿಜ. ಅದಕ್ಕಿಂತ ದೊಡ್ಡ ಉಪಕಾರ ಗುರುವಿಗೇ ಆಯಿತು: ತಾನಿಲ್ಲದ ಕಡೆ ತನ್ನ ಪರವಾಗಿ ನಿಲ್ಲಬಲ್ಲವರು ಯಾರೆಂದು ಊರಿಗೆ ತಿಳಿಸುವ ದಾರಿ ಸಿಕ್ಕಿತು. 1889ರಲ್ಲಿ ಕಾನೊ ಯುರೋಪಿಗೆ ಹೊರಟು, ಹಿಂದಿರುಗಿದ್ದು 1891ರಲ್ಲಿ. ಅಷ್ಟು ಕಾಲವೂ ಕೊದೊಕಾನ್‌ನ ಬಾಗಿಲು ಮುಚ್ಚಲಿಲ್ಲ. ಮುಂದೆ ಅವರ ಇನ್ನೊಬ್ಬ ಶಿಷ್ಯ ಯಮಾಶಿತಾ ಅಮೆರಿಕಕ್ಕೆ ಹೋಗಿ ಶ್ವೇತಭವನದಲ್ಲಿ ಅಧ್ಯಕ್ಷ ಥಿಯೊಡರ್ ರೂಸ್‌ವೆಲ್ಟ್‌ಗೇ ಜೂಡೊ ಕಲಿಸಿದರು. 500ಕ್ಕೂ ಹೆಚ್ಚು ಚಾಪೆಗಳ ದೊಡ್ಡ ಕಟ್ಟಡ ಕೊದೊಕಾನ್‌ಗೆ ಬಂದದ್ದು 1934ರಲ್ಲಿ. ಶಿಷ್ಯರು ಬೆಳೆದು ಅರ್ಧ ಶತಮಾನ ಕಳೆದ ಮೇಲೆ ಅಂಥ ಕಟ್ಟಡ ಎದ್ದು ನಿಂತಿತು.

ಫುನಾಕೊಶಿ ಅವರದೂ ಇದೇ ಕ್ರಮ. 1922ರಲ್ಲಿ ಒಕಿನಾವಾದಿಂದ ಟೋಕಿಯೊಗೆ ಬಂದಾಗ ಅವರಿಗೆ ವಯಸ್ಸು ಐವತ್ತು ದಾಟಿತ್ತು. ಒಕಿನಾವಾ ವಿದ್ಯಾರ್ಥಿಗಳ ವಸತಿನಿಲಯವೊಂದರಲ್ಲಿ ಉಳಿದು, ಅಲ್ಲಿ ಕಸ ಗುಡಿಸಿ ತೋಟ ನೋಡಿಕೊಳ್ಳುತ್ತಲೇ ಪಾಠ ಹೇಳಿದರು. ಸ್ವಂತದ್ದೆಂಬ ಕರಾಟೆ ಶಾಲೆ ‘ಶೊತೊಕಾನ್’ ಎದ್ದದ್ದು 1930ರ ದಶಕದ ಉತ್ತರಾರ್ಧದಲ್ಲಿ. ಯುದ್ಧದ ಬಾಂಬಿಗೆ ಅದು 1945ರಲ್ಲಿ ನಾಶವಾಯಿತು. ವಿಶ್ವವಿದ್ಯಾಲಯಗಳ ಕ್ಲಬ್ಬುಗಳಲ್ಲಿ ಅವರು ತಯಾರು ಮಾಡಿದ ಹುಡುಗರು ಉಳಿದಿದ್ದರು. ಶೊತೊಕಾನ್ ಕರಾಟೆ ಇಂದು ನಮ್ಮ ತಾಲ್ಲೂಕು ಕೇಂದ್ರಗಳವರೆಗೂ ಬಂದಿದ್ದರೆ ಅಂಥವರಿಂದಲೇ.

ಹಾಗಾದರೆ ಜಾಗ ಹುಡುಕುವ ಮೊದಲೇ ಹಿರಿಯ ಶಿಷ್ಯರೊಬ್ಬರ ಕೈಗೆ ವಾರದ ಒಂದು ಸಂಜೆ ಕೊಟ್ಟು ನೋಡಬೇಕು. ಚೆನ್ನಾಗಿ ಕಟಾ, ಅಂದರೆ ಕ್ರಮಬದ್ಧ ವರಸೆ, ಮಾಡುವವರೆಲ್ಲ ಕಲಿಸಬಲ್ಲರು ಎಂದೇನಿಲ್ಲ. ಮೊದಲ ದಿನ ಅಳುವ ಆರು ವರ್ಷದ ಮಗುವನ್ನು ಸಾಲಿನಲ್ಲಿ ನಿಲ್ಲಿಸಲು ಬರಬೇಕು. ಕುಮಿತೆ, ಅಂದರೆ ಇಬ್ಬರ ಸೆಣಸಾಟ, ಬಿಸಿಯೇರಿ ಏಟು ಜೋರಾಗುವ ಮುನ್ನ ‘ಸಾಕು’ ಎನ್ನಲು ಗೊತ್ತಿರಬೇಕು. ‘ಮಗಳಿಗೆ ಬೆಲ್ಟ್ ಯಾವಾಗ?’ ಎಂದು ಒತ್ತಾಯಿಸುವ ತಂದೆಗೆ ಇನ್ನೂ ಸಮಯವಿದೆ ಎಂದು ಮೆತ್ತಗೆ ಹೇಳಬೇಕು. ಬ್ರ್ಯಾಂಚ್‌ಗೆ ಆಳು ಬೇಕೆಂದು ಅವಸರದಲ್ಲಿ ಕಪ್ಪು ಬೆಲ್ಟ್ ಕಟ್ಟಿದರೆ ಎರಡೂ ಕಡೆಯ ಹೆಸರು ಕೆಡುತ್ತದೆ.

ಇಲ್ಲೊಂದು ಭಯ ಮಾಸ್ಟರ್‌ಗಳನ್ನು ತಡೆಯುತ್ತದೆ. ಕಲಿಸಲು ಬಂದವನು ನಾಳೆ ಎದುರು ರಸ್ತೆಯಲ್ಲೇ ತನ್ನ ಬೋರ್ಡ್ ಹಾಕಿದರೆ? ಹಾಕಬಹುದು. ಹೆಚ್ಚಾಗಿ ಹಾಗೆ ಹೋಗುವವರು ವರ್ಷಗಟ್ಟಲೆ ಗುರುಸೇವೆಯೆಂದು ಬಿಟ್ಟಿ ದುಡಿದವರು. ಕಲಿಸಿದ ಸಂಜೆಗೆ ಸಂಬಳ, ಹೊಸ ಶಾಲೆಯ ಆದಾಯದಲ್ಲಿ ಪಾಲು, ಬೋರ್ಡಿನ ಮೇಲೆ ಹೆಸರು: ಇವನ್ನು ಮೊದಲೇ ಮಾತಾಡಿಕೊಂಡರೆ ಜಗಳಕ್ಕೆ ಆಸ್ಪದ ಕಡಿಮೆ. ಎಲ್ಲ ಕೊಟ್ಟ ಮೇಲೂ ಶಿಷ್ಯ ಬೇರೆಯಾದರೆ ಊರಿಗೆ ಸಿಕ್ಕಿದ್ದು ಒಬ್ಬ ಒಳ್ಳೆಯ ಮಾಸ್ಟರೇ. ಕಲಿಸುವ ವೃತ್ತಿ ಹಿಡಿದವರು ಈ ನಷ್ಟವನ್ನು ಹೊರಲೇಬೇಕಾಗುತ್ತದೆ.

ಒಂದು ವರ್ಷ ಹೀಗೆ ನಡೆಸಿ, ನಂತರ ಹತ್ತು ದಿನ ಊರು ಬಿಟ್ಟು ಹೋಗಿ ಬನ್ನಿ. ಬಂದಾಗ ಹಾಜರಿ ಪುಸ್ತಕ ನೋಡಿ. ಮಕ್ಕಳು ಎಂದಿನಂತೆ ಬಂದಿದ್ದರೆ ಬಾಡಿಗೆಗೆ ಹಾಲ್ ವಿಚಾರಿಸಬಹುದು. ‘ಸರ್ ಇಲ್ಲವಲ್ಲ’ ಎಂದು ಮನೆಯಲ್ಲೇ ಉಳಿದಿದ್ದರೆ ಅಡ್ವಾನ್ಸ್ ಹಣ ಬ್ಯಾಂಕಿನಲ್ಲೇ ಇರಲಿ. ಇನ್ನೊಂದು ವರ್ಷ ಆ ಶಿಷ್ಯನ ಜೊತೆ ಕ್ಲಾಸಿನಲ್ಲಿ ನಿಲ್ಲಿ.