ಮೋಡಕ್ಕೆ ಕೈ ಹಾಕಬಹುದೇ?

ಹೋದ ವಾರ ಆರಾಧನೆ ಮುಗಿದ ಮೇಲೆ ಒಬ್ಬ ರೈತ ಸಹೋದರರು ಕೇಳಿದ್ರು, "ಪಾಸ್ಟರ್, ಮೋಡ ಬಿತ್ತನೆ ಮಾಡ್ತಾರಲ್ಲ, ಅದು ದೇವರ ಕೆಲಸಕ್ಕೆ ಕೈ ಹಾಕಿದಂಗೆ ಅಲ್ವಾ? ಪಾಪ ಅಲ್ವಾ?"

2017ರ ಆಗಸ್ಟ್ ನಿಮಗೆ ನೆನಪಿರಬಹುದು. ಬರದಿಂದ ಕಂಗೆಟ್ಟಿದ್ದ ನಮ್ಮ ರಾಜ್ಯದಲ್ಲಿ 'ವರ್ಷಧಾರಿ' ಯೋಜನೆಯ ವಿಮಾನ ಬೆಂಗಳೂರಿನ ಜಕ್ಕೂರಿನಿಂದ ಹಾರಿತು. ಸಿಲ್ವರ್ ಅಯೋಡೈಡ್‌ನಂಥ ಕಣಗಳನ್ನು ಮೋಡಕ್ಕೆ ಬಿಟ್ಟರೆ ಅವುಗಳ ಸುತ್ತ ನೀರು ಕೂಡಿ ಹನಿಯಾಗುತ್ತದೆ. ಆದರೆ ಮೋಡವೇ ಇಲ್ಲದಿದ್ದರೆ ಯಾವ ವಿಮಾನವೂ ಮಳೆ ತರಲಾರದು.

ಆದಿಕಾಂಡ 2:15 ತೆರೆಯಿರಿ. ದೇವರು ಮನುಷ್ಯನನ್ನು ಏದೆನ್ ತೋಟದಲ್ಲಿ ಇಟ್ಟಾಗ ಎರಡು ಕೆಲಸ ಕೊಟ್ಟನು. ಒಂದು ವ್ಯವಸಾಯ, ಇನ್ನೊಂದು ಕಾವಲು. ಕೆರೆ ಕಟ್ಟೋದು, ಬಾವಿ ತೋಡೋದು ಪಾಪವಲ್ಲ. ಹಾಗಾಗಿ ಮೋಡ ಮುಟ್ಟಿದ್ದೇ ಪಾಪ ಅಂತ ನಾನು ಹೇಳಲಾರೆ. ಕಾವಲು ಮರೆತು ಮುಟ್ಟಿದರೆ ಮಾತ್ರ ತಪ್ಪು.

ಈಗ ಇದಕ್ಕಿಂತ ದೊಡ್ಡ ಮಾತು ನಡೀತಾ ಇದೆ. 1991ರಲ್ಲಿ ಫಿಲಿಪ್ಪೀನ್ಸ್‌ನ ಪಿನಾಟುಬೊ ಜ್ವಾಲಾಮುಖಿ ಸಿಡಿದಾಗ ಗಂಧಕದ ಅನಿಲ ಬಹಳ ಎತ್ತರಕ್ಕೆ ಹೋಗಿ ಬಿಸಿಲನ್ನು ತಡೆಯಿತು. ಭೂಮಿ ಸುಮಾರು ಅರ್ಧ ಡಿಗ್ರಿ ತಂಪಾಯಿತು. ಅದನ್ನೇ ನಾವೂ ವಿಮಾನದಿಂದ ಮಾಡಬಹುದು ಅಂತ ಕೆಲವು ವಿಜ್ಞಾನಿಗಳು ಹೇಳ್ತಾರೆ. ಆದರೆ ಗಮನಿಸಿ, ಅದರ ಮುಂದಿನ ವರ್ಷ ನೆಲದ ಮೇಲೆ ಮಳೆಯೂ ಕಡಿಮೆಯಾಯಿತು. ಮತ್ತೆ, ನಾವು ಬಿಟ್ಟ ಹೊಗೆ ಆಕಾಶದಲ್ಲಿ ಹಾಗೇ ಇರುತ್ತೆ. ಸಿಂಪಡಿಸೋದು ನಿಲ್ಲಿಸಿದರೆ, ತಡೆದಿಟ್ಟ ಬಿಸಿಯೆಲ್ಲ ಬೇಗ ಮರಳಿ ಬರುತ್ತೆ.

ಜ್ವರಕ್ಕೆ ಮಾತ್ರೆ ತಗೊಳ್ಳೋದು ಪಾಪವಲ್ಲ. ಮಾತ್ರೆ ಇದೆಯಲ್ಲ ಅಂತ ಅದೇ ಕೊಳಕು ನೀರು ಕುಡೀತಾ ಇದ್ದರೆ? ಅಲ್ಲಿ ಮಾನಸಾಂತರವಿಲ್ಲ ಪ್ರಿಯರೇ.

ಇನ್ನೊಂದು ಪ್ರಶ್ನೆ. ಒಂದು ದೇಶದ ತಂಪಿಗಾಗಿ ಇನ್ನೊಂದು ದೇಶದ ಮುಂಗಾರು ಕೆಟ್ಟರೆ ಲೆಕ್ಕ ಕೊಡೋರು ಯಾರು? ಮತ್ತಾಯ 5:45ರಲ್ಲಿ ನಮ್ಮ ಕರ್ತನು ಹೇಳುವ ತಂದೆ, ಮಳೆ ಕೊಡುವಾಗ ಒಳ್ಳೆಯವರು ಕೆಟ್ಟವರು ಎಂದು ನೋಡುವುದಿಲ್ಲ. ನಾನು? ಬರಗಾಲದಲ್ಲಿ ನಮ್ಮೂರಿಗೆ ಮಳೆ ಕೊಡು ಅಂತ ಉಪವಾಸ ಪ್ರಾರ್ಥನೆ ಮಾಡಿದೆ. ಪಕ್ಕದ ತಾಲೂಕಿನ ಹೆಸರು ಒಂದು ಸಲವೂ ನನ್ನ ಬಾಯಿಗೆ ಬರಲಿಲ್ಲ. ಅಂಥ ಹೃದಯದ ಕೈಗೆ ಆಕಾಶದ ಬೀಗದ ಕೈ ಸಿಕ್ಕರೆ ಏನಾಗುತ್ತೆ?

ಆದ್ದರಿಂದ ಆ ಸಹೋದರರಿಗೆ ನನ್ನ ಉತ್ತರ ಇಷ್ಟೇ: ಯಾರಿಗೆ ನಷ್ಟ ಆಗಬಹುದೋ ಅವರನ್ನು ಕೇಳದೆ, ಹಿಂದಕ್ಕೆ ಬರುವ ದಾರಿ ಇಟ್ಟುಕೊಳ್ಳದೆ, ನಮ್ಮ ನಡತೆ ತಿದ್ದಿಕೊಳ್ಳದೆ ಮಾಡಬಾರದು. ಈ ಹೊತ್ತು ಪಕ್ಕದೂರಿನ ಹೊಲಗಳಿಗಾಗಿ ಮೊದಲು ಪ್ರಾರ್ಥಿಸೋಣ. ಎಲ್ಲರೂ ಎದ್ದು ನಿಲ್ಲಿ. ಆಮೆನ್.